ಮಗಳ ಜೊತೆ ಆರು ಶನಿವಾರ: ವಿನೋಬನಗರದ ವಿಮಾನ ಸಾಫ್ಟ್‌ವೇರ್ ಕ್ಲಾಸ್ ಹೆಂಗಿದೆ

ಸರ್ಟಿಫಿಕೇಟ್ ಬೇಕು, ಪ್ಲೇಸ್‌ಮೆಂಟ್ ಬೇಕು ಅನ್ನೋರು ಇಲ್ಲಿಗೆ ಹೋಗ್ಬೇಡಿ, ಎರಡೂ ಇಲ್ಲ. ಇದನ್ನ ಮೊದಲೇ ಬರೀತಿದೀನಿ ಯಾಕಂದ್ರೆ ನಮ್ಮ ಬ್ಯಾಚಲ್ಲೇ ಇಬ್ಬರು ಹುಡುಗರು ಎರಡನೇ ವಾರಕ್ಕೆ ಅದೇ ಕಾರಣಕ್ಕೆ ಬಿಟ್ಟು ಹೋದ್ರು, ಅವರ ತಪ್ಪೂ ಅಲ್ಲ, ಯಾರೂ ಅವರಿಗೆ ಮುಂಚೆ ಹೇಳಿರ್ಲಿಲ್ಲ. ಬಾಕಿ ನಾನು ಹೇಳೋದೆಲ್ಲ ಹೆಚ್ಚಿನಂಶ ಒಳ್ಳೇದೇ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಶಿವಮೊಗ್ಗ ವಿನೋಬನಗರದಲ್ಲಿ ಒಂದು ಮನೆ ಮಹಡಿ ಮೇಲೆ ನಡೆಯೋ ಕ್ಲಾಸಿದು. ನಡೆಸೋರು ರಿಟೈರ್ ಆದ ಕಂಪ್ಯೂಟರ್ ಸೈಂಟಿಸ್ಟ್, ಮೂಲ ಊರು ಹೊಸನಗರ ಕಡೆ, ಬೆಂಗಳೂರಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ವಾಪಸ್ ಬಂದಿದಾರೆ. ಮೊದಲರ್ಧ ಸರ್ವಿಸ್ ಪೂರ್ತಿ ಏವಿಯಾನಿಕ್ಸ್, ಅಂದ್ರೆ ವಿಮಾನದೊಳಗಿನ ಕಂಪ್ಯೂಟರು, ಸೆನ್ಸರು, ಡಿಸ್‌ಪ್ಲೇ ಇವಕ್ಕೆಲ್ಲ ಸಾಫ್ಟ್‌ವೇರ್ ಬರೆಯೋದು ಮತ್ತೆ ಬರೆದಿದ್ದನ್ನ ಪರೀಕ್ಷೆ ಮಾಡೋದು, ಆಮೇಲಿನ ಅರ್ಧ ಇಂಟೆಲಿಜೆಂಟ್ ಸಾಫ್ಟ್‌ವೇರ್ ಸಂಶೋಧನೆ, ಈಗ ಎಲ್ಲರೂ ಎಐ ಅಂತಾರಲ್ಲ ಅದು. ಹೆಸರು ಹಾಕ್ಬೇಡಿ, ಲ್ಯಾಬ್ ಹೆಸರೂ ಹಾಕ್ಬೇಡಿ ಅಂತ ಕೇಳ್ಕೊಂಡ್ರು, ಹಂಗಾಗಿ ಸರ್ ಅಂತಷ್ಟೇ ಬರೀತೀನಿ. ಆರು ಶನಿವಾರ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆ, ಒಬ್ಬರಿಗೆ ಸಾವಿರದೈನೂರು ರೂಪಾಯಿ, ಮಧ್ಯ ಕಷಾಯ ಕೋಡುಬಳೆ. ಜೊತೆಗೆ ಬಂದ ತಂದೆತಾಯಿ ಹಿಂದೆ ಕೂತು ಕೇಳ್ಬಹುದು, ಅದಕ್ಕೆ ದುಡ್ಡಿಲ್ಲ.

ನಾವಿರೋದು ತೀರ್ಥಹಳ್ಳಿ ಕಡೆ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ, ರಜೆಗೆ ಮನೇಲಿದ್ಲು. ನಾನು ಒಂದು ಕಾಲದಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಮಾಡಿ ಆಮೇಲೆ ತೋಟಕ್ಕೆ ನಿಂತವನು. ಜುಲೈ ತಿಂಗಳು, ಆಷಾಢದ ಮಳೆ ಅಂದ್ರೆ ಗೊತ್ತಲ್ಲ, ಅಡಿಕೆಗೆ ಔಷಧಿ ಹೊಡೆಯೋಕೆ ಒಂದು ಬಿಸಿಲು ಸಿಕ್ಕಿದ್ರೆ ಬಿಡೋ ಹಂಗಿಲ್ಲ, ಅಂಥಾ ಟೈಮಲ್ಲಿ ಆರು ಶನಿವಾರ ಬೆಳಿಗ್ಗೆ ಬಸ್ ಹತ್ತಿ ಮಂಡಗದ್ದೆ ದಾಟಿ ಗಾಜನೂರು ಡ್ಯಾಮ್ ನೋಡ್ಕೊಂಡು ಹೋಗಿ ಬಂದಿದೀವಿ. ಮೊದಲನೇ ವಾರ ಅವಳನ್ನ ಬಿಟ್ಟು ಬರೋಣ ಅಂತ ಹೋಗಿದ್ದು, ಉಳಿದ ಐದು ವಾರ ನಾನೇ ಅವಳಿಗಿಂತ ಮುಂಚೆ ರೆಡಿ ಆಗ್ತಿದ್ದೆ.

ಮೊದಲನೇ ಕ್ಲಾಸಲ್ಲಿ ಕಂಪ್ಯೂಟರೇ ಆನ್ ಮಾಡ್ಲಿಲ್ಲ. ಸರ್ ಕೇಳಿದ್ದು ಇಷ್ಟು, ನಿಮ್ಮನೇಲಿ ಅಡಿಕೆ ತೂಗೋಕೆ ಒಂದೇ ತೂಕದ ಯಂತ್ರ ಇದೆ, ಅದು ತಪ್ಪು ತೋರಿಸ್ತಿದ್ರೆ ಹೆಂಗೆ ಗೊತ್ತಾಗುತ್ತೆ? ಗೊತ್ತಾಗಲ್ಲ. ಎರಡಿದ್ರೆ? ಏನೋ ತಪ್ಪಿದೆ ಅಂತ ಗೊತ್ತಾಗುತ್ತೆ, ಯಾವುದರದ್ದು ಅಂತ ಗೊತ್ತಾಗಲ್ಲ. ಮೂರಿದ್ರೆ ಯಾವುದು ಕೆಟ್ಟಿದೆ ಅಂತಾನೂ ಗೊತ್ತಾಗುತ್ತೆ, ಎರಡು ಒಂದು ಕಡೆ ನಿಲ್ತವೆ. ನಾಲ್ಕಿದ್ರೆ ಒಂದು ಕೈಕೊಟ್ಟ ಮೇಲೂ ಮೂರು ಉಳಿಯುತ್ತೆ, ಮತ್ತೊಂದು ಕೆಟ್ಟರೂ ಹಿಡೀಬಹುದು. ನಮ್ಮ ತೇಜಸ್ ಯುದ್ಧವಿಮಾನದಲ್ಲಿ ಫ್ಲೈಟ್ ಕಂಟ್ರೋಲಿಗೆ ನಾಲ್ಕು ಚಾನೆಲ್, ಅಂದ್ರೆ ಒಂದೇ ಲೆಕ್ಕನ ಬೇರೆ ಬೇರೆಯಾಗಿ ಮಾಡೋ ನಾಲ್ಕು ದಾರಿ, ಯಾಕೆ ಇಟ್ಟಿದಾರೆ ಅಂತ ಇದರಲ್ಲೇ ಅರ್ಥ ಆಗೋಯ್ತು. ಮಂಡಿಗೆ ಹೋದಾಗೆಲ್ಲ ತೂಕದ ವಿಚಾರಕ್ಕೆ ತಲೆ ಕೆಡಿಸ್ಕೊಂಡಿರೋ ನಮ್ಮಂಥೋರಿಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಸಾಧ್ಯ ಇಲ್ಲ.

ಅಷ್ಟಕ್ಕೇ ಬಿಡ್ಲಿಲ್ಲ. ಮೂರೂ ಯಂತ್ರನ ಒಂದೇ ಅಂಗಡೀಲಿ ಒಂದೇ ದಿನ ತಂದಿದ್ರೆ, ಮೂರರಲ್ಲೂ ಒಂದೇ ದೋಷ ಇದ್ರೆ? ಮೂರೂ ಒಗ್ಗಟ್ಟಾಗಿ ತಪ್ಪು ಹೇಳ್ತವೆ, ನೀವು ನಂಬ್ತೀರ. ಅದಕ್ಕೇ ಏರ್‌ಬಸ್‌ನವರು 1987ರಲ್ಲಿ ಮೊದಲು ಹಾರಿಸಿದ ಎ320 ವಿಮಾನದಲ್ಲಿ ಕಂಟ್ರೋಲ್ ಕಂಪ್ಯೂಟರುಗಳನ್ನ ಎರಡು ಥರ ಮಾಡಿಸಿದ್ರಂತೆ, ಬೇರೆ ಕಂಪನಿ, ಬೇರೆ ಪ್ರೊಸೆಸರು, ಬೇರೆ ಸಾಫ್ಟ್‌ವೇರು. ಹಂಗೆ ಮಾಡದೇ ಇದ್ದಿದ್ದಕ್ಕೆ ಉದಾಹರಣೆ ಏರಿಯಾನ್ 5 ರಾಕೆಟ್, 1996 ಜೂನ್ 4. ಹೊರಟು ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿ ಒಡೆದು ಹೋಯ್ತು. ಏರಿಯಾನ್ 4ರ ಸಾಫ್ಟ್‌ವೇರನ್ನೇ ತಂದು ಹಾಕಿದ್ರು, ಹೊಸ ರಾಕೆಟ್ ಅಡ್ಡಡ್ಡಕ್ಕೆ ಹೋಗೋ ವೇಗ ಹಳೇದಕ್ಕಿಂತ ಜಾಸ್ತಿ, ಅದಕ್ಕೆ ಸಂಬಂಧಿಸಿದ ಒಂದು 64 ಬಿಟ್ (ಬಿಟ್ ಅಂದ್ರೆ ಸೊನ್ನೆ ಅಥವಾ ಒಂದು ಹಿಡಿಯೋ ಒಂದು ಮನೆ) ಸಂಖ್ಯೆನ 16 ಬಿಟ್ ಜಾಗಕ್ಕೆ ತುರುಕೋಕೆ ಹೋಗಿ ಹಿಡೀಲಿಲ್ಲ. ಸ್ಟ್ಯಾಂಡ್‌ಬೈ ಕಂಪ್ಯೂಟರ್ ಇತ್ತು, ಅದರಲ್ಲೂ ಅದೇ ಸಾಫ್ಟ್‌ವೇರು, ಅದೂ ಅದೇ ಜಾಗದಲ್ಲಿ ನಿಂತೋಯ್ತು. ಇನ್ನೂ ಸಂಕಟದ ವಿಷಯ ಏನಂದ್ರೆ ಆ ಲೆಕ್ಕ ರಾಕೆಟ್ ನೆಲ ಬಿಟ್ಟ ಮೇಲೆ ಬೇಕಾಗೇ ಇರ್ಲಿಲ್ಲ, ಸುಮ್ಮನೆ ಓಡ್ತಾ ಇತ್ತು.

ಇದನ್ನ ಹೇಳಿದ ಮೇಲೆ ಲ್ಯಾಪ್‌ಟಾಪ್ ತೆಗೆಸಿ ಎಲ್ಲರ ಹತ್ರ 16 ಬಿಟ್ಟಿನ ಒಂದು ಸಂಖ್ಯೆಗೆ ಅದು ಹಿಡಿಯೋ ಅತೀ ದೊಡ್ಡದಾದ 32767 ಹಾಕಿಸಿ ಒಂದು ಕೂಡಿಸಿ ನೋಡಿ ಅಂದ್ರು. ಮಗಳ ಸ್ಕ್ರೀನ್ ಮೇಲೆ ಮೈನಸ್ 32768 ಬಂತು. ಅವಳು ತಿರುಗಿ ನನ್ನ ನೋಡಿದ ಮುಖ ಇನ್ನೂ ಕಣ್ಣಲ್ಲಿದೆ. ಕಾಲೇಜಲ್ಲಿ ಇದನ್ನ ಓದಿದಾಳೆ, ಪರೀಕ್ಷೇಲಿ ಬರೆದು ಮಾರ್ಕ್ಸೂ ತಗೊಂಡಿದಾಳೆ, ಆದ್ರೆ ಇದರಿಂದ ಒಂದು ರಾಕೆಟ್ ಬೀಳುತ್ತೆ ಅಂತ ಗೊತ್ತಿರ್ಲಿಲ್ಲ.

ಮನೆಗೆ ಲೆಕ್ಕಾನೂ ಕೊಡ್ತಾರೆ. ಒಂದು ಕೌಂಟರ್ ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಒಂದೊಂದೇ ಏರುತ್ತೆ, 32 ಬಿಟ್ ಇದೆ, ಒಂದು ಬಿಟ್ ಪ್ಲಸ್ಸು ಮೈನಸ್ಸಿಗೆ, ಎಷ್ಟು ದಿನಕ್ಕೆ ತುಂಬುತ್ತೆ? ವಾಪಸ್ ಬರ್ತಾ ಬಸ್ಸಲ್ಲೇ ಮಗಳು ಲೆಕ್ಕ ಹಾಕಿದ್ಲು, 248 ದಿನ ಚಿಲ್ಲರೆ. ಮುಂದಿನ ವಾರ ಸರ್ ಹೇಳಿದ್ರು, ಬೋಯಿಂಗ್ 787ರ ಜನರೇಟರ್ ಕಂಟ್ರೋಲ್ ಸಾಫ್ಟ್‌ವೇರಲ್ಲಿ 248 ದಿನ ಆಫ್ ಮಾಡದೇ ಬಿಟ್ರೆ ಕರೆಂಟೇ ಹೋಗೋ ಅಪಾಯ ಇದೆ ಅಂತ 2015ರಲ್ಲಿ ಅಮೆರಿಕದ ವಿಮಾನ ಪ್ರಾಧಿಕಾರ ಆದೇಶ ಹೊರಡಿಸಿತ್ತು, ಮಧ್ಯ ಮಧ್ಯ ಪವರ್ ಆಫ್ ಮಾಡಿ ಅಂತ. ಸರ್ ಬೋರ್ಡ್ ಮೇಲೆ 248 ಅಂತ ಬರೆದಾಗ ಕ್ಲಾಸಲ್ಲಿ ಯಾರೂ ಮಾತಾಡ್ಲಿಲ್ಲ, ಎಲ್ಲರ ನೋಟ್‌ಬುಕ್ಕಲ್ಲೂ ಅದೇ ಸಂಖ್ಯೆ ಇತ್ತು.

ಎರಡನೇ ವಾರದ ಇನ್ನರ್ಧ ತೇಜಸ್ ಬಗ್ಗೆ, ನನಗೆ ಅತೀ ಇಷ್ಟ ಆದ ಭಾಗ ಇದೇ. ತೇಜಸ್ಸನ್ನ ಬೇಕಂತಲೇ ಅಸ್ಥಿರವಾಗಿ ಮಾಡಿದಾರೆ, ಚುರುಕಾಗಿ ತಿರುಗಲಿ ಅಂತ, ಕಂಪ್ಯೂಟರ್ ಇಲ್ಲದೆ ಪೈಲಟ್ ಒಬ್ಬರೇ ಅದನ್ನ ಹಾರಿಸೋಕಾಗಲ್ಲ. ಸರ್ ಒಂದು ಕೋಲನ್ನ ಅಂಗೈ ಮೇಲೆ ನಿಲ್ಲಿಸಿ ತೋರಿಸಿದ್ರು, ಕೈ ಅಲ್ಲಾಡಿಸ್ತಾನೇ ಇರ್ಬೇಕು, ನಿಲ್ಲಿಸಿದ್ರೆ ಬೀಳುತ್ತೆ. ನಾನು ಹಿಂದಿನಿಂದ, ಸರ್ ಈಗ ಅಡಿಕೆ ಕೊನೆ ತೆಗೆಯೋಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅಷ್ಟುದ್ದದ್ದನ್ನ ನೆಟ್ಟಗೆ ಹಿಡಿಯೋದೂ ಹಿಂಗೇ ಅಂದೆ. ಅವರಿಗೆ ಖುಷಿಯಾಗಿ, ತೇಜಸ್ ರೆಕ್ಕೆಗೂ ಕಾರ್ಬನ್ ಫೈಬರೇ ಕಣ್ರಿ, ಆ ಕೋಲು ಹಿಡಿಯೋ ಕೆಲಸನ ಕಂಪ್ಯೂಟರ್ ಒಂದು ಸೆಕೆಂಡಲ್ಲಿ ಎಷ್ಟೋ ಸಲ ಮಾಡುತ್ತೆ ಅಂದ್ರು. ಆ ಸಾಫ್ಟ್‌ವೇರ್ ಬರೆದಿರೋದು ಏಡಾ ಅನ್ನೋ ಭಾಷೇಲಿ, ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್ ಮಾಡಿದ್ದು ಬೆಂಗಳೂರಿನ ಎಡಿಇ ಅನ್ನೋ ರಕ್ಷಣಾ ಸಂಶೋಧನಾ ಲ್ಯಾಬ್, ಕಂಟ್ರೋಲ್ ನಿಯಮ ರೂಪಿಸಿದ ತಂಡ ಇದ್ದಿದ್ದು ಎನ್‌ಎಎಲ್ ಅನ್ನೋ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೇಲಿ. 1998ರ ಮೇನಲ್ಲಿ ಪೋಖ್ರಾನ್ ಪರೀಕ್ಷೆ ಆಯ್ತು, ಅಮೆರಿಕ ನಿರ್ಬಂಧ ಹಾಕ್ತು, ಅಲ್ಲಿಂದ ಈ ಕೆಲಸಕ್ಕೆ ಬರ್ತಿದ್ದ ನೆರವು ನಿಂತೋಯ್ತು, ಬಾಕಿ ಎಲ್ಲ ಇಲ್ಲೇ ಕೂತು ಮುಗಿಸಿದ್ರು. 2001 ಜನವರಿ 4ಕ್ಕೆ ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮೇಲಿಂದ ಮೊದಲ ಸಲ ಹಾರಿತು, ಹಾರಿಸಿದ್ದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ಈ ದಿನಾಂಕ ಹೇಳೋವಾಗ ಸರ್ ಗಂಟಲು ಕಟ್ಟಿತು, ಎರಡು ನಿಮಿಷ ಕಿಟಕಿ ಕಡೆ ತಿರುಗಿ ನಿಂತಿದ್ರು.

ಮೂರನೇ ವಾರ ಸ್ವಲ್ಪ ಕಷ್ಟ, ಸ್ಪೀಡೂ ಜಾಸ್ತಿ ಆಯ್ತು, ಇದು ನನ್ನ ಮೊದಲ ದೂರು. ಡಿಒ-178ಸಿ ಅಂತ ಒಂದು ದಾಖಲೆ ಇದೆ, 2011ರದ್ದು, ಅದಕ್ಕೂ ಮುಂಚಿನದು 1992ರ 178ಬಿ, ವಿಮಾನದ ಸಾಫ್ಟ್‌ವೇರ್ ಹೆಂಗೆ ಬರೀಬೇಕು ಹೆಂಗೆ ಪರೀಕ್ಷೆ ಮಾಡ್ಬೇಕು ಅನ್ನೋದಕ್ಕೆ ಜಗತ್ತೆಲ್ಲ ಇದನ್ನೇ ನೋಡೋದು. 'ಎ' ಇಂದ 'ಇ' ತನಕ ಐದು ದರ್ಜೆ. ಕೈಕೊಟ್ರೆ ವಿಮಾನವೇ ಬೀಳೋ ಅಂಥದ್ದು ಎ, ಏನೂ ಆಗದೇ ಇರೋದು ಇ. ಎ ದರ್ಜೆಗೆ 71 ಗುರಿ ಪೂರೈಸ್ಬೇಕು. ಅಷ್ಟು ಅಪಾಯದ ದೋಷ ನೂರು ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತ ಕಡಿಮೆ ಇರ್ಬೇಕು ಅನ್ನೋದು ದೊಡ್ಡ ವಿಮಾನಗಳಿಗಿರೋ ಲೆಕ್ಕ, ನೂರು ಕೋಟಿ ಗಂಟೆ ಅಂದ್ರೆ ಸುಮಾರು 1 ಲಕ್ಷದ 14 ಸಾವಿರ ವರ್ಷ. ಅಷ್ಟು ವರ್ಷ ಓಡಿಸಿ ನೋಡೋಕೆ ಯಾರಿಗಾಗುತ್ತೆ? ಆಗಲ್ಲ, ಅದಕ್ಕೇ ಬರೆಯೋ ಪ್ರತಿ ಸಾಲಿಗೂ ಯಾಕೆ ಬರೆದೆ ಅಂತ ಲೆಕ್ಕ ಕೊಡ್ಬೇಕು. ಇದನ್ನೆಲ್ಲ ಇಂಗ್ಲಿಷ್ ಸ್ಲೈಡಲ್ಲಿ ಓಡಿಸಿದ್ರು, ಹಾಳೆ ಮೇಲೆ ಏನೂ ಕೊಡಲ್ಲ, ಬರ್ಕೊಳೋದ್ರಲ್ಲೇ ಹುಡುಗರಿಗೆ ಅರ್ಧ ಮಿಸ್ ಆಯ್ತು. ಕನ್ನಡದಲ್ಲಿ ಇಷ್ಟು ಚಂದ ಹೇಳೋರು ಸ್ಲೈಡನ್ನೂ ಕನ್ನಡದಲ್ಲಿ ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ, ಇದನ್ನ ಅವರಿಗೇ ಹೇಳಿದೀನಿ.

ಆದ್ರೆ ಅದೇ ಕ್ಲಾಸಿನ ಕೊನೇಲಿ ಹೇಳಿದ ಒಂದು ವಿಷಯ ನಮ್ಮನೆಗೇ ಉಪಯೋಗಕ್ಕೆ ಬಂತು, ಅದನ್ನ ಹೇಳಲೇಬೇಕು. ಎ ದರ್ಜೆಗೆ ಎಂಸಿಡಿಸಿ ಅನ್ನೋ ಪರೀಕ್ಷೆ ಇದೆಯಂತೆ. ಸರ್ ಮೋಟರ್ ಉದಾಹರಣೆ ತಗೊಂಡ್ರು. ಕರೆಂಟ್ ಇದೆ, ಮತ್ತೆ ಬಾವೀಲಿ ನೀರಿದೆ, ಎರಡೂ ಆದ್ರೆ ಮಾತ್ರ ಮೋಟರ್ ಓಡ್ಬೇಕು. ಎರಡೂ ಇದ್ದಾಗ ಓಡ್ತು ಅಂತ ನೋಡಿ ಸುಮ್ಮನಾದ್ರೆ ಆಗಲ್ಲ. ಕರೆಂಟ್ ಇದ್ದು ನೀರಿಲ್ಲದಿದ್ರೆ ನಿಲ್ಲುತ್ತಾ, ನೀರಿದ್ದು ಕರೆಂಟ್ ಸರಿ ಇಲ್ಲದಿದ್ರೆ ನಿಲ್ಲುತ್ತಾ, ಒಂದೊಂದು ಷರತ್ತೂ ತಾನೊಂದೇ ಬದಲಾದ್ರೂ ಫಲಿತಾಂಶ ಬದಲಾಗುತ್ತೆ ಅಂತ ಬೇರೆ ಬೇರೆ ತೋರಿಸ್ಬೇಕು. ಎರಡು ಷರತ್ತಿಗೆ ಮೂರು ಪರೀಕ್ಷೆ ಸಾಕು.

ಹೋದ ಬೇಸಿಗೇಲಿ ನಮ್ಮ ಬಾವಿ ತಳ ಕಂಡು ಮೋಟರ್ ಸುಟ್ಟು ರಿವೈಂಡಿಂಗಿಗೆ ಕೊಟ್ಟಿದ್ವಿ, ಆಮೇಲೆ ನೀರಿಲ್ಲದಿದ್ರೆ ತಾನೇ ನಿಲ್ಲೋ ಆಟೋ ಸ್ಟಾರ್ಟರ್ ಹಾಕ್ಸಿದ್ವಿ. ಅವತ್ತು ಸಂಜೆ ಮನೆಗೆ ಬಂದು ಕಾಲು ತೊಳೆಯೋಕೂ ಮುಂಚೆ ಮಗಳು, "ಅಪ್ಪಯ್ಯ, ನೀರಿಲ್ಲ ಕರೆಂಟಿದೆ ಅನ್ನೋದನ್ನ ನೀನು ಟೆಸ್ಟ್ ಮಾಡಿದ್ಯಾ?" ಅಂದ್ಲು. ಮಾಡಿರ್ಲಿಲ್ಲ. ಹಾಕಿದೋರು ಸ್ವಿಚ್ ಒತ್ತಿ ಮೋಟರ್ ಓಡಿದ್ದು ತೋರಿಸಿ ದುಡ್ಡು ಇಸ್ಕೊಂಡು ಹೋಗಿದ್ರು. ಮಾರನೇ ದಿನ ಮಳೇಲೇ ಕೊಡೆ ಹಿಡ್ಕೊಂಡು ಇಬ್ಬರೂ ಪಂಪ್ ಶೆಡ್ಡಿಗೆ ಹೋಗಿ, ಬಾವಿಗೆ ಇಳಿಬಿಟ್ಟಿದ್ದ ಸೆನ್ಸರ್ ವೈರ್ ಮೇಲಕ್ಕೆಳೆದು ಸ್ವಿಚ್ ಹಾಕಿದ್ರೆ ಮೋಟರ್ ನಿಲ್ಲಲೇ ಇಲ್ಲ. ತಕ್ಷಣ ನಾವೇ ಆಫ್ ಮಾಡಿದ್ವಿ. ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಪೆಟ್ಟಿಗೆ ಬಿಚ್ಚಿಸಿದ್ರೆ ಒಳಗೆ ಸೆನ್ಸರಿನ ಎರಡು ಕಡೆನೂ ಸೇರಿಸಿ ಲೂಪ್ ಹಾಕಿಟ್ಟಿದ್ರು, ಅಂದ್ರೆ ನೀರು ಯಾವಾಗ್ಲೂ ಇದೆ ಅಂತ್ಲೇ ಅದಕ್ಕೆ ಕಾಣ್ತಿತ್ತು. ಮಳೆಗಾಲ ಆಗಿದ್ದಕ್ಕೆ ಬಚಾವ್, ಮಾರ್ಚಲ್ಲಿ ಮತ್ತೆ ಸುಡ್ತಿತ್ತು. ಕೊಟ್ಟ ಸಾವಿರದೈನೂರು ನಮಗೆ ಅವತ್ತೇ ವಾಪಸ್ ಬಂತು ಅಂತ್ಲೇ ಲೆಕ್ಕ.

ನಾಲ್ಕು ಮತ್ತೆ ಐದನೇ ವಾರ ಎಐ. ಹುಡುಗರೆಲ್ಲ ಇದಕ್ಕೇ ಕಾಯ್ತಿದ್ದಿದ್ದು. ಬೆಂಗಳೂರಲ್ಲಿ 1986ರಲ್ಲೇ ಡಿಆರ್‌ಡಿಒದವರು ಕೃತಕ ಬುದ್ಧಿಮತ್ತೆಗೆ ಅಂತ ಸಿಎಐಆರ್ ಶುರು ಮಾಡಿದ್ರು ಅಂತ ಕೇಳಿ ನನಗೆ ಆಶ್ಚರ್ಯ ಆಯ್ತು, ನಾವು ಇದೆಲ್ಲ ಮೊನ್ನೆ ಮೊನ್ನೆ ಬಂದಿದ್ದು ಅನ್ಕೊಂಡಿದೀವಿ. ಆಗೆಲ್ಲ ನಿಯಮ ಬರೆಯೋ ಪದ್ಧತಿ, ಆಯಿಲ್ ಪ್ರೆಶರ್ ಇಳೀತಿದೆ, ಬಿಸಿ ಏರ್ತಿದೆ, ಹಂಗಾದ್ರೆ ಇದು ನೋಡು ಅಂತ ಅನುಭವಸ್ಥ ಮೆಕ್ಯಾನಿಕ್ ಹೇಳಿದ್ದನ್ನ ಒಂದೊಂದೇ ಸಾಲಾಗಿ ಬರೆದು ಯಂತ್ರಕ್ಕೆ ಕೊಡೋದು. ಅದು ಯಾಕೆ ಹಂಗಂತು ಅಂತ ಕೇಳಿದ್ರೆ ಯಾವ ನಿಯಮದಿಂದ ಅಂತ ತೋರಿಸುತ್ತೆ. ಈಗಿನ ನ್ಯೂರಲ್ ನೆಟ್‌ವರ್ಕ್ ಹಂಗಲ್ಲ, ಸಾವಿರಾರು ಉದಾಹರಣೆ ನೋಡಿ ತಾನೇ ಕಲ್ತಿರುತ್ತೆ, ಒಳಗಡೆ ಬರೀ ಸಂಖ್ಯೆ, ಓದೋಕೆ ಒಂದು ಸಾಲೂ ಸಿಗಲ್ಲ. ಪ್ರತಿ ಸಾಲಿಗೂ ಲೆಕ್ಕ ಕೊಡು ಅಂತ ಹಿಂದಿನ ವಾರ ಹೇಳಿದ್ರಲ್ಲ, ಇಲ್ಲಿ ಸಾಲೇ ಇಲ್ಲ, ಲೆಕ್ಕ ಎಲ್ಲಿಂದ ಕೊಡೋದು? ತಮ್ಮ ಸರ್ವಿಸ್ಸಿನ ಎರಡನೇ ಅರ್ಧ ಪೂರ್ತಿ ಈ ಪ್ರಶ್ನೆಗೇ ಹೋಯ್ತು ಅಂದ್ರು ಸರ್. ಏವಿಯಾನಿಕ್ಸಲ್ಲಿ ಕಲಿತ ಅನುಮಾನನೇ ಎಐಗೆ ತಗೊಂಡು ಹೋದೆ ಅನ್ನೋ ಮಾತು ಹೇಳಿದ್ರು, ಆ ಮಾತಿಗೆ ಇಡೀ ಆರು ವಾರ ಒಂದಕ್ಕೊಂದು ಕೊಂಡಿ ಹಾಕ್ಕೊಂಡಂಗಾಯ್ತು ನನಗೆ.

ಉದಾಹರಣೆಗೆ ಡೀಪ್ ಸ್ಪೇಸ್ 1 ಕತೆ. ನಾಸಾದ ನೌಕೆ, 1999ರ ಮೇನಲ್ಲಿ ಭೂಮಿಯಿಂದ 9 ಕೋಟಿ ಕಿಲೋಮೀಟರಿಗಿಂತ ದೂರದಲ್ಲಿ ರಿಮೋಟ್ ಏಜೆಂಟ್ ಅನ್ನೋ ಎಐ ಸಾಫ್ಟ್‌ವೇರಿಗೆ ಅದರ ಹಿಡಿತ ಕೊಟ್ಟು ನೋಡಿದ್ರು. ಮಧ್ಯದಲ್ಲಿ ಅದು ಸಿಕ್ಕಿಹಾಕ್ಕೊಂಡು ನಿಂತೋಯ್ತು, ಒಳಗಿನ ಎರಡು ಭಾಗ ಒಂದಕ್ಕೊಂದು ಕಾಯ್ತಾ ಕೂತಿದ್ವು. ಹಾರೋಕೆ ಮುಂಚೆ ಗಣಿತದ ರೀತೀಲಿ ಸಾಫ್ಟ್‌ವೇರ್ ಪರಿಶೀಲಿಸಿದ ತಂಡ ಇದೇ ಥರದ ದೋಷನ ಬೇರೆ ಭಾಗದಲ್ಲಿ ಹಿಡಿದಿತ್ತು, ಪರೀಕ್ಷೇಲಿ ಮಾತ್ರ ಇದು ಕಾಣಿಸ್ಕೊಂಡಿರ್ಲಿಲ್ಲ. ಕೊನೆಗೆ ಸರಿ ಮಾಡಿ ಪ್ರಯೋಗದ ಗುರಿ ಎಲ್ಲ ಮುಟ್ಟಿದ್ರು. ಬುದ್ಧಿ ಇರೋ ಸಾಫ್ಟ್‌ವೇರಿಗೂ ಹಳೇ ಕಾಲದ ಸಾಮಾನ್ಯ ತಪ್ಪು ಬಿಡಲ್ಲ ಅನ್ನೋದಕ್ಕೆ ಇದನ್ನ ಹೇಳಿದ್ದು.

ಇನ್ನೊಂದು, ಆಕಾಶದಲ್ಲಿ ಎರಡು ವಿಮಾನ ಹತ್ರ ಬಂದ್ರೆ ಎಚ್ಚರಿಸೋ ಟಿಸಿಎಎಸ್. 1996 ನವೆಂಬರ್ 12ಕ್ಕೆ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತಿದ್ದು ನಮ್ಮ ವಯಸ್ಸಿನೋರಿಗೆಲ್ಲ ನೆನಪಿದೆ, ಅದಾದ ಮೇಲೇ ನಮ್ಮ ದೇಶದಲ್ಲಿ ಅದನ್ನ ಕಡ್ಡಾಯ ಮಾಡಿದ್ದು. ಅದರ ಮುಂದಿನ ಪೀಳಿಗೆಯಲ್ಲಿ ಪೈಲಟ್ ಇಲ್ಲದ ವಿಮಾನಕ್ಕೆ ಮಾಡಿದ್ದರಲ್ಲಿ ಯಾವ ಸಂದರ್ಭಕ್ಕೆ ಯಾವ ಸಲಹೆ ಅಂತ ಬರೆದಿಟ್ಟ 2 ಜಿಬಿಗಿಂತ ದೊಡ್ಡ ಕೋಷ್ಟಕನ ನ್ಯೂರಲ್ ನೆಟ್‌ವರ್ಕಾಗಿ 3 ಎಂಬಿಗಿಂತ ಕಡಿಮೆಗೆ ಇಳಿಸಿದ್ರು, ಅದು ಕೆಲವು ಸಂದರ್ಭದಲ್ಲಿ ಖಂಡಿತ ತಪ್ಪು ಸಲಹೆ ಕೊಡಲ್ಲ ಅಂತ 2017ರಲ್ಲಿ ಸಂಶೋಧಕರು ಗಣಿತದಲ್ಲೇ ಸಾಧಿಸಿ ತೋರಿಸಿದ್ರು. ಪೂರ್ತಿ ಸಾಧಿಸೋಕಾಗದ ಕಡೆ ಕಾವಲು ಇಡ್ತಾರೆ, ಎಐ ಪಕ್ಕದಲ್ಲಿ ಸರಳವಾದ, ಸಾಲು ಸಾಲು ಪರೀಕ್ಷೆ ಆದ ಒಂದು ಸಾಫ್ಟ್‌ವೇರ್, ಎಐ ಗೆರೆ ದಾಟಿದ್ರೆ ಕೈಯಿಂದ ಕಿತ್ಕೊಳ್ಳುತ್ತೆ.

ಆಮೇಲೆ ಬೋಯಿಂಗ್ 737 ಮ್ಯಾಕ್ಸ್ ವಿಮಾನ. ಅದರಲ್ಲಿ ಎಐ ಏನೂ ಇಲ್ಲ, ಆದ್ರೂ ಹೇಳಿದ್ರು. ಎರಡು ಬಿದ್ದವು, 2018 ಅಕ್ಟೋಬರಲ್ಲಿ ಇಂಡೊನೇಷ್ಯಾದಲ್ಲಿ 189 ಜನ, 2019 ಮಾರ್ಚಲ್ಲಿ ಇಥಿಯೋಪಿಯಾದಲ್ಲಿ 157 ಜನ ಸತ್ರು. ಮೂಗನ್ನ ಕೆಳಗೆ ತಳ್ಳೋ ಸಾಫ್ಟ್‌ವೇರು, ವಿಮಾನದಲ್ಲಿ ಎರಡು ಸೆನ್ಸರ್ ಇದ್ರೂ ಒಂದೇ ಸೆನ್ಸರ್ ಮಾತು ಕೇಳ್ತಿತ್ತು. ಸರ್ ಇಷ್ಟು ಹೇಳಿ ನಿಲ್ಲಿಸಿದ್ರು. ಮುಂದಿನ ಬೆಂಚಿಂದ ಒಬ್ಬ ಹುಡುಗ ಮೆಲ್ಲಗೆ "ಒಂದೇ ತೂಕದ ಯಂತ್ರ" ಅಂದ.

ಆರನೇ ವಾರ ಸೋಗಾನೆ ವಿಮಾನ ನಿಲ್ದಾಣದ ಕಡೆ ಕರ್ಕೊಂಡು ಹೋದ್ರು, ಒಳಗಲ್ಲ, ಹೊರಗೆ ರಸ್ತೆ ಬದಿಗೆ. 2023 ಫೆಬ್ರವರಿ 27ಕ್ಕೆ ಉದ್ಘಾಟನೆ ಆಗಿ ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ವಿಮಾನ ಬಂದಾಗಿಂದ ನಾವು ಈ ಎಟಿಆರ್ ಅನ್ನೋ ಪ್ರೊಪೆಲ್ಲರ್ ಇರೋ ಸಣ್ಣ ವಿಮಾನ ನೋಡ್ತಾನೇ ಇದೀವಿ, ಆದ್ರೆ ಹಿಂಗೆ ನೋಡಿರ್ಲಿಲ್ಲ. ಮೋಡ ಕೆಳಗೇ ಕೂತಿತ್ತು, ಕೊಡೆ ಹಿಡ್ಕೊಂಡು ಸುಮಾರು ಹೊತ್ತು ಕಾದ್ವಿ, ಆ ಹೊತ್ತಲ್ಲಿ ಸರ್ ರನ್‌ವೇ ಮೇಲೆ ಎಷ್ಟು ದೂರ ಕಾಣುತ್ತೆ ಅಂತ ಅಳೆಯೋ ದೃಷ್ಟಿ ಅನ್ನೋ ಉಪಕರಣ ಎನ್‌ಎಎಲ್‌ನವರೇ ಮಾಡಿದ್ದು ಅಂತ ಹೇಳಿದ್ರು, ಇಸ್ರೋ ಮತ್ತೆ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ ಗಗನ್ ಉಪಗ್ರಹ ವ್ಯವಸ್ಥೆ ಹಿಡ್ಕೊಂಡು ನಮ್ಮ ದೇಶದಲ್ಲಿ ಮೊದಲು ಇಳಿದದ್ದೂ ಒಂದು ಎಟಿಆರೇ, 2022 ಏಪ್ರಿಲ್ 28, ರಾಜಸ್ಥಾನದ ಕಿಶನ್‌ಗಢದಲ್ಲಿ ಅಂದ್ರು. ಆಮೇಲೆ ಮೋಡದಿಂದ ದೀಪ ಕಂಡು ವಿಮಾನ ಇಳೀತು. ಇದರ ಕಾಕ್‌ಪಿಟ್ಟಲ್ಲಿ ಐದು ದೊಡ್ಡ ಸ್ಕ್ರೀನ್ ಇದೆ, ಆದ್ರೆ ಪೈಲಟ್ ಕೈಯಿಂದ ರೆಕ್ಕೆ ಬಾಲಕ್ಕೆ ಹೋಗೋದು ಇವತ್ತಿಗೂ ಕೇಬಲ್ಲೇ, ತೇಜಸ್ ಥರ ಕಂಪ್ಯೂಟರ್ ಮಧ್ಯ ಬರಲ್ಲ ಅಂತ ಹೇಳಿದಾಗ ಹುಡುಗರು ನಂಬಲೇ ಇಲ್ಲ. ಹಳೇದು ಅಂತಲ್ಲ, ಈ ವಿಮಾನಕ್ಕೆ ಅಷ್ಟು ಸಾಕು, ಬೇಡದ ಕಡೆ ಸಾಫ್ಟ್‌ವೇರ್ ಹಾಕದೇ ಇರೋದೂ ಇಂಜಿನಿಯರಿಂಗೇ ಅಂದ್ರು.

ಬೇರೆ ದೂರು ಹೇಳ್ಬೇಕಂದ್ರೆ, ಹನ್ನೆರಡು ಜನಕ್ಕೆ ಸರಿಯಾದ ಜಾಗದಲ್ಲಿ ಹದಿನೆಂಟು ಜನ ಕೂರ್ತೀವಿ, ಕರೆಂಟ್ ಹೋದ್ರೆ ಪ್ರೊಜೆಕ್ಟರ್ ಬಂದ್, ಯುಪಿಎಸ್ ಇಲ್ಲ. ಸಿ ಭಾಷೆ ಸ್ವಲ್ಪನಾದ್ರೂ ಗೊತ್ತಿಲ್ಲದೋರಿಗೆ ಮೂರನೇ ವಾರದಿಂದ ಕಷ್ಟ, ಪಿಯುಸಿ ಮಕ್ಕಳನ್ನ ಕಳಿಸೋದಾದ್ರೆ ಮೊದಲು ಮನೇಲಿ ಒಂದಿಷ್ಟು ಕಲಿಸಿ ಕಳಿಸಿ. ಒಳ್ಳೇದು ಏನಂದ್ರೆ ಹೆಣ್ಮಕ್ಕಳು ಅರ್ಧಕ್ಕಿಂತ ಜಾಸ್ತಿ ಇದ್ರು, ಸರ್ ಮನೆಯವರು ಅಮ್ಮನ ಥರ ನೋಡ್ಕೊಳ್ತಾರೆ, ಮಳೇಲಿ ನೆನೆದು ಬಂದ್ರೆ ಟವಲ್ ಕೊಡ್ತಾರೆ. ಪ್ರಶ್ನೆ ಎಷ್ಟು ಸಲ ಕೇಳಿದ್ರೂ ಸರ್ ಬೇಜಾರ್ ಮಾಡ್ಕೊಳಲ್ಲ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾರೆ, ಮುಂದಿನ ವಾರ ನೋಡ್ಕೊಂಡು ಬಂದು ಹೇಳ್ತಾರೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಅರ್ಧ ಕಟ್ ಆಗಿದ್ದು ಸ್ಲೈಡಿಗೆ. ಮುಂದಿನ ಬ್ಯಾಚ್ ದೀಪಾವಳಿ ಕಳೆದ ಮೇಲೆ ಅಂದಿದಾರೆ, ಆಗ ನಮ್ಮಲ್ಲಿ ಕೊನೆ ಕೊಯ್ಲು, ಸುಲಿಯೋದು ಬೇಯಿಸೋದು ಜೋರಿರುತ್ತೆ, ಶನಿವಾರ ಬಿಟ್ಟು ಭಾನುವಾರ ಇಡೋಕಾಗುತ್ತಾ ಅಂತ ಕೇಳಿದೀನಿ. ಭಾನುವಾರ ಆದ್ರೂ ಸರಿ ಶನಿವಾರ ಆದ್ರೂ ಸರಿ, ಪಿಯುಸಿ ಎರಡನೇ ವರ್ಷದಲ್ಲಿರೋ ಮಗನ ಹೆಸರು ಬರೆಸಿ ಬಂದಾಯ್ತು, ಅವನಿಗೆ ಸಿ ಕಲಿಸೋ ಕೆಲಸ ಅಕ್ಕ ವಹಿಸ್ಕೊಂಡಿದಾಳೆ, ನಿನ್ನೆ ರಾತ್ರಿ 32767ಕ್ಕೆ ಒಂದು ಕೂಡಿಸಿ ನೋಡು ಅಂತಿದ್ಲು.